ಹೊಸ ಕಟ್ಟಡ ಎಣಿಸಿದ್ದು ಸಾಕು, ಖಾಲಿ ಮಳಿಗೆ ಎಣಿಸಿ

ಕಲಬುರಗಿಯ ಜನಪ್ರತಿನಿಧಿಗಳಿಗೆ, ನಗರದ ಕಟ್ಟಡ ಪರವಾನಗಿ ಮತ್ತು ಅನುದಾನ ನೋಡಿಕೊಳ್ಳುವ ಅಧಿಕಾರಿಗಳಿಗೆ, ಊರಿನ ಎಲ್ಲರಿಗೂ ನಮಸ್ಕಾರ.

ನಾನು ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ ಕೂತು ವ್ಯಾಪಾರಸ್ಥರ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವ ಕೆಲಸ ಮಾಡುತ್ತೇನೆ. ಕಿರಾಣಿಯವರು, ಬಟ್ಟೆ ಅಂಗಡಿಯವರು, ದಾಲ್ ಮಿಲ್‌ನವರು, ಕಾಂಪ್ಲೆಕ್ಸ್ ಕಟ್ಟಿಸಿ ಬಾಡಿಗೆಗೆ ಕೊಟ್ಟವರು ಎಲ್ಲರೂ ನನ್ನ ಹತ್ತಿರ ಬರುತ್ತಾರೆ. ಯಾರ ಅಂಗಡಿ ನಡೆಯುತ್ತಿದೆ, ಯಾರಿಗೆ ಬಾಡಿಗೆ ಬರುತ್ತಿಲ್ಲ ಎನ್ನುವುದು ಅವರ ಕಾಗದಗಳಲ್ಲೇ ಗೊತ್ತಾಗುತ್ತದೆ. ಕೆಲವು ವರ್ಷಗಳಿಂದ ಈ ಕಾಗದಗಳಲ್ಲಿ ಕಾಣುತ್ತಿರುವ ಒಂದು ವಿಷಯವನ್ನು, ಅಂದರೆ ನಮ್ಮ ಕಾಂಪ್ಲೆಕ್ಸುಗಳಲ್ಲಿ ಖಾಲಿ ಬೀಳುತ್ತಿರುವ ಮಳಿಗೆಗಳ ಮಾತನ್ನು, ನಿಮ್ಮೆಲ್ಲರ ಮುಂದೆ ಇಡಬೇಕು ಅನ್ನಿಸಿತು.

ನಮ್ಮ ಊರಿನ ಯಾವ ಚಹಾದಂಗಡಿ ಮುಂದೆ ನಿಂತರೂ ಒಂದು ಮಾತು ಬಂದೇ ಬರುತ್ತದೆ. "ಹುಬ್ಬಳ್ಳಿಗಿ ಹೋಗಿ ಬಂದೀರೇನ್ರಿ? ಎಂಥೆಂಥಾ ಬಿಲ್ಡಿಂಗ್ ಎದ್ದಾವ ಅಲ್ಲಿ." ಇನ್ನೊಬ್ಬರು, "ಬೀದರದವರೂ ನಮ್ಮನ್ನ ಹಿಂದ ಹಾಕ್ತಾರ ನೋಡ್ರಿ" ಅನ್ನುತ್ತಾರೆ. ಮದುವೆ ಜವಳಿಗೆ ಸೊಲ್ಲಾಪುರಕ್ಕೆ ಹೋಗಿ ಬಂದವರು ಅಲ್ಲಿನ ಹೊಸ ಶೋರೂಮುಗಳ ಸುದ್ದಿ ಹೇಳುತ್ತಾರೆ. ಕೊನೆಗೆ ಮಾತು ನಿಲ್ಲುವುದು ಒಂದೇ ಕಡೆ: ನಮ್ಮಲ್ಲೂ ಕಟ್ಟಬೇಕು, ಅವರಿಗಿಂತ ಎತ್ತರ ಕಟ್ಟಬೇಕು.

ಈ ಮಾತಿನ ಹಿಂದೆ ಒಂದು ನೋವಿದೆ. ಅದು ನನಗೂ ಇದೆ. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ 4.88 ಲಕ್ಷ, ನಮ್ಮದು 5.33 ಲಕ್ಷ. ಆದರೂ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಬೆಳಗಾವಿ ಬಂತು. ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ತುಮಕೂರು, ಮಂಗಳೂರು, ಬೆಂಗಳೂರು ಬಂದವು. ಕಲ್ಯಾಣ ಕರ್ನಾಟಕದ ಒಂದು ನಗರವೂ ಬರಲಿಲ್ಲ. ನಮಗೆ ಸಿಕ್ಕಿದ್ದೆಲ್ಲ ಕೇಳಿ ಕೇಳಿ, ಹೋರಾಡಿ ಸಿಕ್ಕಿದ್ದು. ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಬಂತು, ಅದು ಕಾಯಂ ಆಗಿದ್ದು 2013ರಲ್ಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರಿನಲ್ಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಇಷ್ಟು ವರ್ಷ ಕಾದವರಿಗೆ ಕಣ್ಣಿಗೆ ಕಾಣುವಂಥದ್ದು ಬೇಕು ಅನ್ನಿಸುವುದು ಸಹಜ. ಕಟ್ಟಡ ಬೇಗ ಕಣ್ಣಿಗೆ ಕಾಣುತ್ತದೆ.

ಹೋಲಿಸಬೇಡಿ ಎಂದು ನಾನು ಹೇಳುವುದಿಲ್ಲ. ಹೋಲಿಸಿ. ಆದರೆ ಎಷ್ಟು ಕಟ್ಟಿದೆವು ಎಂದು ಕೇಳುವಾಗಲೇ ಎಷ್ಟು ತುಂಬಿದೆ ಎಂದೂ ಕೇಳಬೇಕು. ಎರಡನೇ ಪ್ರಶ್ನೆಗೆ ಉತ್ತರ ಕೊಡುವ ಒಂದು ಕಾಗದವೂ ಇವತ್ತು ಜನರ ಕೈಯಲ್ಲಿ ಇಲ್ಲ.

ಕೆನಡಾದ ಎರಡು ನಗರಗಳ ಕಥೆ ಹೇಳುತ್ತೇನೆ, ಯಾಕೆಂದರೆ ಅದು ನಮಗೆ ಹತ್ತಿರವಾಗಿದೆ. ಆಲ್ಬರ್ಟಾ ಎಂಬ ಪ್ರಾಂತ್ಯದಲ್ಲಿ ಕ್ಯಾಲ್ಗರಿ, ಎಡ್ಮಂಟನ್ ಅಂತ ಎರಡು ದೊಡ್ಡ ಊರುಗಳಿವೆ. ಎಡ್ಮಂಟನ್ ರಾಜಧಾನಿ, ಅಲ್ಲಿ ಸರ್ಕಾರಿ ಕಚೇರಿಗಳು ಜಾಸ್ತಿ. ಕ್ಯಾಲ್ಗರಿಯಲ್ಲಿ ತೈಲ ಕಂಪನಿಗಳ ಕಚೇರಿಗಳು. ಹಾಕಿ ಆಟದಿಂದ ಹಿಡಿದು ಎಲ್ಲದರಲ್ಲೂ ಇಬ್ಬರಿಗೂ ಪೈಪೋಟಿ. ತೈಲಕ್ಕೆ ಒಳ್ಳೆ ಬೆಲೆ ಇದ್ದಾಗ ಕ್ಯಾಲ್ಗರಿಯ ನಡುಊರಿನಲ್ಲಿ ಗೋಪುರದಂಥ ಕಟ್ಟಡಗಳು ಒಂದರ ಹಿಂದೆ ಒಂದು ಏಳತೊಡಗಿದವು. 2014ರಲ್ಲಿ ತೈಲದ ಬೆಲೆ ಬಿತ್ತು. ಕಂಪನಿಗಳು ಜನರನ್ನು ಕೆಲಸದಿಂದ ತೆಗೆದವು, ಕಚೇರಿ ಖಾಲಿ ಮಾಡಿದವು. ಆದರೆ ಒಳ್ಳೆ ಕಾಲದಲ್ಲಿ ಶುರುವಾದ ಕಟ್ಟಡಗಳ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ, ಅಲ್ವಾ? 2017ರಲ್ಲಿ ಅಲ್ಲಿ 247 ಮೀಟರ್ ಎತ್ತರದ ಹೊಸ ಕಟ್ಟಡ ಸಿದ್ಧವಾಯಿತು. ಎರಡು ವರ್ಷದ ಮೇಲೆ ಎಡ್ಮಂಟನ್ ಅದಕ್ಕಿಂತ ಸುಮಾರು ನಾಲ್ಕು ಮೀಟರ್ ಎತ್ತರದ, 66 ಮಹಡಿಯ ಕಟ್ಟಡ ಎಬ್ಬಿಸಿತು. ಎತ್ತರದ ಪಟ್ಟ ಎಡ್ಮಂಟನ್‌ಗೆ ಹೋಯಿತು. ಅತ್ತ ಕ್ಯಾಲ್ಗರಿಯ ನಡುಊರಿನ ಕಚೇರಿ ಜಾಗದಲ್ಲಿ 2021ರ ಹೊತ್ತಿಗೆ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಭಾಗ ಖಾಲಿ.

ಇಲ್ಲಿ ನಮ್ಮ ಜನ ಗಮನಿಸಬೇಕಾದ ಒಂದು ಮಾತಿದೆ. ಖಾಲಿ ಬಿದ್ದ ಕಟ್ಟಡದ ಬೆಲೆ ಇಳಿಯಿತು. ಬೆಲೆ ಇಳಿದಾಗ ಅದರಿಂದ ನಗರಕ್ಕೆ ಬರುವ ಆಸ್ತಿ ತೆರಿಗೆಯೂ ಇಳಿಯಿತು. ನಗರದ ಖರ್ಚು ಮಾತ್ರ ಇಳಿಯಲಿಲ್ಲ. ಆ ಕೊರತೆಯ ಭಾರ ಊರಿನ ಬೇರೆ ಬಡಾವಣೆಗಳ ಸಣ್ಣ ಅಂಗಡಿಯವರ ಮೇಲೆ ಬಿತ್ತು. ದೊಡ್ಡ ಗೋಪುರಕ್ಕೂ ತಮಗೂ ಸಂಬಂಧವೇ ಇಲ್ಲ ಅಂದುಕೊಂಡಿದ್ದವರ ತೆರಿಗೆ ನೋಟಿಸು ಏರಿತು. 2019ರಲ್ಲಿ ಅವರು ಬೀದಿಗೆ ಬಂದು ಪ್ರತಿಭಟಿಸಿದರು. ಆಮೇಲೆ, 2021ರಲ್ಲಿ, ಆ ನಗರ ಒಂದು ಯೋಜನೆ ಮಾಡಿತು. ಖಾಲಿ ಕಚೇರಿಯನ್ನು ವಾಸದ ಮನೆಯಾಗಿ ಬದಲಿಸುವ ಮಾಲೀಕರಿಗೆ ಚದರ ಅಡಿಗೆ 75 ಕೆನಡಾ ಡಾಲರ್ ಸಹಾಯಧನ. 2031ರೊಳಗೆ 60 ಲಕ್ಷ ಚದರ ಅಡಿ ಕಚೇರಿ ಜಾಗ ಕಡಿಮೆ ಮಾಡುವುದು ಗುರಿ. ಖಾಲಿ ಜಾಗದ ಲೆಕ್ಕ ಕೈಯಲ್ಲಿ ಇದ್ದದ್ದಕ್ಕೇ ಇಷ್ಟು ಖಚಿತವಾದ ಗುರಿ ಇಡಲು ಅವರಿಗೆ ಸಾಧ್ಯವಾಯಿತು.

ಲೆಕ್ಕ ಅಂದರೂ ಅದನ್ನು ಓದುವ ರೀತಿ ಗೊತ್ತಿರಬೇಕು. ಬೆಂಗಳೂರು ಮತ್ತು ಹೈದರಾಬಾದಿನ ಕಚೇರಿ ಜಾಗದ ಬಗ್ಗೆ ಆಸ್ತಿ ಸಲಹಾ ಕಂಪನಿಗಳು ಮೂರು ತಿಂಗಳಿಗೊಮ್ಮೆ ವರದಿ ಕೊಡುತ್ತವೆ. ಖಾಲಿ ಪ್ರಮಾಣ ನೋಡಿದರೆ ಹೈದರಾಬಾದಿನದು ಬೆಂಗಳೂರಿಗಿಂತ ಬಹಳ ಜಾಸ್ತಿ. ಹಾಗಂತ ಹೈದರಾಬಾದ್ ಸೋತಿತು ಅನ್ನಲಾಗದು. ಅಲ್ಲಿ ಹೊಸದಾಗಿ ಕಟ್ಟುವುದು ಅಷ್ಟು ಜೋರಾಗಿದೆ, ಕಂಪನಿಗಳೂ ಬರುತ್ತಿವೆ. ಹೊಸ ಜಾಗ ತುಂಬಲು ಸಮಯ ಬೇಕು. ಹಾಗೆಯೇ ಖಾಲಿ ಕಡಿಮೆ ಇದೆ ಅಂದ ಮಾತ್ರಕ್ಕೆ ಒಂದು ಊರು ಗೆದ್ದಿತು ಅಂತಲೂ ಇಲ್ಲ. ಅಲ್ಲಿ ಯಾರೂ ಏನೂ ಕಟ್ಟದೆಯೂ ಇರಬಹುದು.

ನಮ್ಮ ಊರಿಗೆ ಇದನ್ನು ಸಣ್ಣ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಊರಿನಲ್ಲಿ 100 ಮಳಿಗೆ ಇವೆ, 10 ಖಾಲಿ ಇವೆ ಅಂದುಕೊಳ್ಳಿ. ಹೊಸದಾಗಿ 30 ಕಟ್ಟಿದರು. ಹೊಸ ವ್ಯಾಪಾರದವರು 15 ಜನ ಬಂದರು. ಈಗ 130ರಲ್ಲಿ 25 ಖಾಲಿ. ಖಾಲಿ ಹೆಚ್ಚಿತು, ಆದರೂ ಊರಿಗೆ 15 ಹೊಸ ವ್ಯಾಪಾರ ಬಂದವು. ಇದು ಬೆಳವಣಿಗೆಯೇ. ಈಗ ಇನ್ನೊಂದು ಊರು ನೋಡಿ. ಅಲ್ಲೂ ಅದೇ 100, ಅದೇ 30 ಹೊಸದು. ಆದರೆ ಹೊಸದಕ್ಕೆ ಹೋದವರೆಲ್ಲ ಹಳೇ ಕಾಂಪ್ಲೆಕ್ಸು ಬಿಟ್ಟು ಬಂದವರೇ. ಅಲ್ಲಿ 130ರಲ್ಲಿ 40 ಖಾಲಿ, ಹೊಸ ವ್ಯಾಪಾರ ಒಂದೂ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಊರು ಒಂದೇ ರೀತಿ ಕಾಣುತ್ತವೆ. ಎರಡರಲ್ಲೂ ರಿಂಗ್ ರೋಡಿನ ಪಕ್ಕ ಹೊಸ ಕಟ್ಟಡ ಥಳಥಳ ಹೊಳೆಯುತ್ತಿರುತ್ತದೆ.

ಕಲಬುರಗಿ ಎರಡನೇ ಊರಿನ ದಾರಿ ಹಿಡಿದಿದೆಯೇನೋ ಎನ್ನುವುದು ನನ್ನ ಆತಂಕ. ನಮ್ಮ ಕಾಂಪ್ಲೆಕ್ಸಿನಲ್ಲಿದ್ದ ಬ್ಯಾಂಕ್ ಶಾಖೆ ಹೊರಗಿನ ಹೊಸ ಕಟ್ಟಡಕ್ಕೆ ಹೋಯಿತು. ಒಂದು ಡಯಾಗ್ನೋಸ್ಟಿಕ್ ಸೆಂಟರ್ ಹೋಯಿತು. ಒಬ್ಬ ದಂತ ವೈದ್ಯರು ಹೋದರು. ಹೋದವರನ್ನು ನಾನು ದೂರುವುದಿಲ್ಲ. ಅವರು ಯಾಕೆ ಹೋದರು ಎಂದು ಇಲ್ಲೇ ಕೂತ ನನಗೆ ಗೊತ್ತು.

ನಮ್ಮ ಮೆಟ್ಟಿಲು ನೋಡಲು ಬನ್ನಿ. ಒಂದೊಂದು ಮೆಟ್ಟಿಲೂ ಎತ್ತರ, ಮೊಣಕಾಲು ನೋವಿದ್ದವರು ಗೋಡೆ ಹಿಡಿದು ಹತ್ತುತ್ತಾರೆ. ಹಿಡಿಯುವ ಗೋಡೆಯ ಮೂಲೆಯಲ್ಲಿ ಗುಟ್ಕಾ ಕಲೆ. ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ಕಂಬಿ ಎದ್ದು ನಿಂತಿವೆ, ಲಿಫ್ಟ್ ಬರಲೇ ಇಲ್ಲ. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ಸೆಲ್ಲಾರಿನಲ್ಲಿ ಗೋಡೌನ್ ಇದೆ, ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಹೀಗಾಗಿ ಗಾಡಿಗಳೆಲ್ಲ ರಸ್ತೆಯ ಮೇಲೆ. ಶೌಚಾಲಯ ಒಂದೇ, ಅದಕ್ಕೆ ಬೀಗ, ಕೀಲಿ ಕೆಳಗಿನ ಅಂಗಡಿಯವರ ಹತ್ತಿರ.

ಮೊದಲ ಮಹಡಿಯಲ್ಲಿ ಒಬ್ಬ ಹೆಣ್ಣುಮಗಳು ಬ್ಲೌಸ್ ಹೊಲಿಯುವ ಅಂಗಡಿ ಹಾಕಿದ್ದಳು. ಕೈ ಕೆಲಸ ಚೆನ್ನಾಗಿತ್ತು, ಗಿರಾಕಿಗಳೂ ಇದ್ದರು. ಒಂದು ದಿನ ಬಾಡಿಗೆ ರಸೀದಿ ವಿಷಯಕ್ಕೆ ಬಂದಾಗ ಹೇಳಿದಳು: "ಅಣ್ಣಾರ, ಇಲ್ಲಿ ಬಂದ ಮ್ಯಾಲ ಮುಂಜಾನಿಂದ ನೀರು ಕುಡಿಯೋದೇ ಬಿಟ್ಟೀನ್ರಿ." ಕೀಲಿ ಕೇಳಲು ಅವಳಿಗೆ ಮುಜುಗರ. ಕೇಳಿ ಹೋದರೂ ಒಳಗೆ ನೀರು ಇರುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಅಂಗಡಿ ಮುಚ್ಚಿ ಮನೆಯಲ್ಲೇ ಹೊಲಿಯಲು ಶುರು ಮಾಡಿದಳು. ಆ ಶಟರ್ ಇನ್ನೂ ತೆರೆದಿಲ್ಲ. ಆ ಅಂಗಡಿ ಮುಚ್ಚಿದ್ದಕ್ಕೆ ಕಾರಣ ಒಂದು ಬಕೆಟ್ ನೀರು ಮತ್ತು ಒಂದು ಕೀಲಿ. ಇಂಥ ಸಂಗತಿ ಯಾವ ವರದಿಯಲ್ಲೂ ಬರುವುದಿಲ್ಲ.

ಮೇಲಿನ ಮಹಡಿಯ ಮಾತು ಬೇರೆಯೇ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ಮಹಡಿಯ ಸ್ಲ್ಯಾಬಿನ ಕೆಳಗೆ ನಿಂತರೆ ತಲೆಯ ಮೇಲೆ ಹಂಚು ಕಾಯಿಸಿ ಇಟ್ಟಂತಾಗುತ್ತದೆ. ನಮ್ಮ ಹಿರಿಯರು ದಪ್ಪ ಗೋಡೆ ಕಟ್ಟಿ, ಶಹಾಬಾದ ಕಲ್ಲು ಹಾಸಿ ತಂಪಾಗಿ ಬದುಕಿದರು. ಆ ಕಲ್ಲು ನಮ್ಮ ಜಿಲ್ಲೆಯದೇ. ಈಗಿನ ಕಟ್ಟಡಗಳಲ್ಲಿ ಪಶ್ಚಿಮದ ಬಿಸಿಲಿಗೆ ಮುಖ ಮಾಡಿ ಗಾಜು ಹಾಕುತ್ತಾರೆ, ಯಾಕೆಂದರೆ ಹೈದರಾಬಾದಿನಲ್ಲಿ ಹಾಗಿದೆ. ಇಡೀ ದಿನ ಎಸಿ ಓಡಿಸುವ ಶಕ್ತಿ ಇದ್ದವರಷ್ಟೇ ಅಲ್ಲಿ ಕೂರಬಹುದು. ಸಣ್ಣ ವಕೀಲರಿಗೆ, ಟ್ಯೂಷನ್ ಹೇಳುವವರಿಗೆ ಆಗುವ ಮಾತಲ್ಲ.

ಹಾಗಿದ್ದರೆ ಮಾಲೀಕರು ಬಾಡಿಗೆ ಇಳಿಸಬಾರದೇ ಎಂದು ನೀವು ಕೇಳಬಹುದು. ನಾನೂ ಅವರನ್ನು ಕೇಳಿದ್ದೇನೆ. ತೊಗರಿ ಮಾರಿದ ಹಣ, ಹೊಲ ಮಾರಿದ ಹಣ, ಅದರ ಮೇಲೆ ಬ್ಯಾಂಕಿನ ಸಾಲ ಹಾಕಿ ಕಟ್ಟಿರುತ್ತಾರೆ. ಸಾಲ ಕೊಡುವಾಗ ಬ್ಯಾಂಕಿನವರು ಇಷ್ಟು ಬಾಡಿಗೆ ಬರುತ್ತದೆ ಎಂದು ಅಂದಾಜು ಮಾಡಿರುತ್ತಾರೆ. ಒಂದು ಮಳಿಗೆಗೆ ಬಾಡಿಗೆ ಇಳಿಸಿದರೆ ಪಕ್ಕದವರೂ ಇಳಿಸಿ ಅನ್ನುತ್ತಾರೆ. ನಾಳೆ ಕಟ್ಟಡ ಮಾರಲು ಹೋದರೆ ಬೆಲೆಯೂ ಇಳಿಯುತ್ತದೆ. ಅದಕ್ಕೇ, ಖಾಲಿ ಇದ್ದರೂ ಇರಲಿ, ದೊಡ್ಡ ಶೋರೂಮಿನವರು ಬಂದಾರು ಎಂದು ಕಾಯುತ್ತಾರೆ. ಬಾಡಿಗೆದಾರರ ಕಷ್ಟವೂ ಕಡಿಮೆ ಇಲ್ಲ. 2024ರ ಅಕ್ಟೋಬರ್ 10ರಿಂದ, ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ನೋಂದಣಿ ಇರುವ ಬಾಡಿಗೆದಾರರೇ ಅಂಗಡಿ ಬಾಡಿಗೆಯ ಮೇಲೆ ಶೇ 18 ತೆರಿಗೆ ಕಟ್ಟಬೇಕು. 20,000 ಬಾಡಿಗೆಗೆ 3,600 ರೂಪಾಯಿ. ಕಾಂಪೋಸಿಷನ್ ಸ್ಕೀಮಿನವರಿಗೆ (ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಸಣ್ಣ ವ್ಯಾಪಾರಿಗಳಿಗೆ) ಆಮೇಲೆ ವಿನಾಯಿತಿ ಸಿಕ್ಕಿತು, ಉಳಿದವರಿಗೆ ಇಲ್ಲ. ಇದು ನಗರದ ಅಧಿಕಾರಿಗಳ ಕೈಯಲ್ಲಿಲ್ಲ, ಗೊತ್ತಿದೆ. ಆದರೆ ಮೇಲಿನ ಮಹಡಿಯ ಬಾಡಿಗೆದಾರ ಎಷ್ಟು ಸಣ್ಣ ಹಗ್ಗದ ಮೇಲೆ ನಡೆಯುತ್ತಿದ್ದಾನೆ ಎಂದು ನಿಮಗೆ ತಿಳಿದಿರಲಿ.

ನಿಮ್ಮ ಕೈಯಲ್ಲಿ ಇರುವುದು ಸಾರ್ವಜನಿಕ ಹಣದಲ್ಲಿ ಕಟ್ಟುವ ಮಳಿಗೆಗಳು. ನನಗೆ ಪರಿಚಯದ ಒಬ್ಬ ಸ್ಟೇಷನರಿ ವ್ಯಾಪಾರಿ ಅಂಥ ಒಂದು ಕಡೆ ಹರಾಜಿಗೆ ಹೋಗಿದ್ದರು. ಪಕ್ಕದ ಖಾಸಗಿ ಕಾಂಪ್ಲೆಕ್ಸಿನ ಬಾಡಿಗೆಗಿಂತ ಹರಾಜಿನ ಮೂಲ ದರವೇ ಜಾಸ್ತಿ ಇತ್ತು. ಮೇಲೆ ದೊಡ್ಡ ಡಿಪಾಸಿಟ್. ಯಾರೂ ಕೂಗಲಿಲ್ಲ. ಮರು ಹರಾಜು ಕರೆದರು, ಅದೇ ದರ. ಮತ್ತೆ ಯಾರೂ ಬರಲಿಲ್ಲ. ಶಟರಿಗೆ ತುಕ್ಕು ಹಿಡಿಯಿತು, ಮುಂದೆ ತಳ್ಳುಗಾಡಿಯವರು ನಿಂತರು. ದರ ಇಳಿಸುವ ಧೈರ್ಯ ಯಾವ ಅಧಿಕಾರಿಗೂ ಇರುವುದಿಲ್ಲ, ಆಡಿಟ್‌ನವರು ಕೇಳುತ್ತಾರೆ ಎಂಬ ಭಯ. ಖಾಲಿ ಇಟ್ಟು ಪೂರ್ತಿ ಬಾಡಿಗೆ ಕಳೆದುಕೊಂಡದ್ದಕ್ಕೆ ಮಾತ್ರ ಯಾರೂ ಪ್ರಶ್ನೆ ಕೇಳುವುದಿಲ್ಲ. ಇದು ಬದಲಾಗಬೇಕು. ಎರಡು ಸಲ ಹರಾಜಿಗೆ ಜನ ಬರದಿದ್ದರೆ ದರ ತಾನಾಗಿಯೇ ಇಳಿಯುವ ನಿಯಮ ಮಾಡಿ. ಅಧಿಕಾರಿಗೂ ರಕ್ಷಣೆ, ವ್ಯಾಪಾರಿಗೂ ಜಾಗ.

ಅದೇ ಹೊತ್ತಿಗೆ ಎಷ್ಟೋ ಸರ್ಕಾರಿ ಕಚೇರಿಗಳು, ವಿದ್ಯಾರ್ಥಿ ನಿಲಯಗಳು ಬಾಡಿಗೆ ಕಟ್ಟಡದಲ್ಲಿ ನಡೆಯುತ್ತಿವೆ. ಖಾಲಿ ಜಾಗದ ಪಟ್ಟಿ ಒಂದು ಕಡೆ ಇದ್ದಿದ್ದರೆ ಇವೆರಡನ್ನೂ ಜೋಡಿಸಿ ನೋಡಲು ಒಂದು ಮಧ್ಯಾಹ್ನ ಸಾಕಾಗುತ್ತಿತ್ತು.

ಆ ಪಟ್ಟಿ ಮಾಡುವುದು ಕಷ್ಟವೇ? ಮನೆ ಮನೆ ತಿರುಗುವ ಸರ್ವೆ ಬೇಡ, ಸಲಹಾ ಕಂಪನಿಗೆ ಕೋಟಿ ಕೊಡುವುದೂ ಬೇಡ. ಬಾಡಿಗೆ ಕರಾರು ನೋಡಿ ಹೇಳಲಾಗದು, ನಿಜ. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಆದರೆ ಪ್ರತಿ ಮಳಿಗೆಗೂ ನಮ್ಮ ಭಾಗಕ್ಕೆ ಕರೆಂಟು ಕೊಡುವ ಜೆಸ್ಕಾಂ ಕಂಪನಿಯ ಮೀಟರ್ ಇದೆ. ವಾಣಿಜ್ಯ ಮೀಟರುಗಳ ವರ್ಗವೇ ಬೇರೆ, ಎಲ್‌ಟಿ-3. ಆರು ತಿಂಗಳು ಯೂನಿಟ್ ಓಡದೆ ನಿಗದಿತ ಶುಲ್ಕವಷ್ಟೇ ಬಿಲ್ ಆಗುತ್ತಿದ್ದರೆ ಆ ಶಟರ್ ತೆರೆದಿಲ್ಲ ಎಂದೇ ಅರ್ಥ. ಅದರ ಜೊತೆ ಪಾಲಿಕೆಯ ಆಸ್ತಿ ತೆರಿಗೆ ದಾಖಲೆ ಮತ್ತು ಟ್ರೇಡ್ ಲೈಸೆನ್ಸ್ ಇಟ್ಟು ನೋಡಿ. ಯಾವ ವಾರ್ಡಿನಲ್ಲಿ ಎಷ್ಟು ಮಳಿಗೆ, ಎಷ್ಟು ಖಾಲಿ, ಯಾವ ಮಹಡಿಯಲ್ಲಿ ಖಾಲಿ ಎಂಬುದು ಸಿಗುತ್ತದೆ. ಮಾಲೀಕರ ಹೆಸರು ಹಾಕಬೇಕಿಲ್ಲ. ವಾರ್ಡುವಾರು ಅಂಕಿ ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಿ. ಜೆಸ್ಕಾಂ ಪ್ರಧಾನ ಕಚೇರಿ ಇರುವುದೂ ನಮ್ಮ ಊರಿನಲ್ಲೇ.

ಈ ಅಂಕಿ ಸಿಕ್ಕರೆ ಏನೆಲ್ಲ ಮಾಡಬಹುದು ಎಂದು ಯೋಚಿಸಿದಾಗ ನನಗೆ ಉತ್ಸಾಹ ಬರುತ್ತದೆ. ಕಲಬುರಗಿ ಓದುವ ಹುಡುಗ ಹುಡುಗಿಯರ ಊರು. ಸುತ್ತಲಿನ ತಾಲ್ಲೂಕುಗಳಿಂದ, ಯಾದಗಿರಿ, ಬೀದರ್ ಕಡೆಯಿಂದ ಪಿಯುಸಿಗೆ, ಪಿಎಸ್‌ಐ, ಕೆಎಎಸ್ ತಯಾರಿಗೆ ಬರುತ್ತಾರೆ. 371(ಜೆ) ಮೀಸಲಾತಿ ಬಂದ ಮೇಲೆ ಆ ಆಸೆ ಇನ್ನೂ ಬಲವಾಗಿದೆ. ಅವರಿಗೆ ಬೇಕಾದದ್ದು ಒಂದು ಮೇಜು, ಫ್ಯಾನು, ಬೆಳಕು, ಕುಡಿಯುವ ನೀರು. ತಿಂಗಳಿಗೆ ದುಡ್ಡು ಕೊಟ್ಟು ರೀಡಿಂಗ್ ರೂಮುಗಳಲ್ಲಿ ಕೂರುತ್ತಾರೆ. ಸೂಪರ್ ಮಾರ್ಕೆಟ್, ಸ್ಟೇಷನ್ ರೋಡ್ ಸುತ್ತಲಿನ ಖಾಲಿ ಮಹಡಿಗಳಲ್ಲಿ ಇಂಥ ನೂರಾರು ಕುರ್ಚಿ ಹಾಕಬಹುದು. ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ವಸತಿ ನಿಲಯ ಮಾಡಬಹುದು, ಬಸ್ಸು, ರೈಲು ಎರಡೂ ಹತ್ತಿರ. ಇದಕ್ಕೆಲ್ಲ ಬಳಕೆ ಬದಲಾವಣೆಯ ಅನುಮತಿ ಬೇಕು, ಅದು ಈಗ ಅಲೆದಾಟದ ಕೆಲಸ. ಲಿಫ್ಟ್ ಹಾಕಿ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಮಾಡಿ, ಬೆಂಕಿ ಸುರಕ್ಷತೆ ಸರಿಪಡಿಸಿದ ಮಾಲೀಕರಿಗೆ ಅನುಮತಿ ಬೇಗ ಕೊಡಿ, ಕೆಲವು ವರ್ಷ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಿ. ಹೊಸ ಕಟ್ಟಡಕ್ಕೆ ಓಸಿ (ಬಳಸಲು ಯೋಗ್ಯ ಎಂಬ ಪ್ರಮಾಣಪತ್ರ) ಕೊಡುವ ಮೊದಲು ಸೆಲ್ಲಾರಿಗೆ ಇಳಿದು ನೋಡಿ. ಅಲ್ಲಿ ಗಾಡಿ ನಿಲ್ಲಿಸಲು ಜಾಗ ಇದ್ದರೆ ಮಾತ್ರ ಸಹಿ ಹಾಕಿ.

ಹುಬ್ಬಳ್ಳಿಯ ವಿಷಯಕ್ಕೂ ಒಂದು ಮಾತು. ಅಲ್ಲಿ ಒಂದು ದೊಡ್ಡ ಐಟಿ ಕಂಪನಿಯ ಕ್ಯಾಂಪಸ್ ಕಟ್ಟಿ ಮುಗಿದ ಮೇಲೂ ವರ್ಷಗಟ್ಟಲೆ ಖಾಲಿ ಇತ್ತು. ಚಂದದ ಕಟ್ಟಡ, ದೊಡ್ಡ ಅಂಗಳ, ಕೆಲಸಗಾರರಿಲ್ಲ. ಹುಬ್ಬಳ್ಳಿಯ ಜನ ಕಟ್ಟಡ ನೋಡಿ ಸಮಾಧಾನ ಪಡಲಿಲ್ಲ. ಕೆಲಸ ಶುರು ಮಾಡಿ ಎಂದು ಅಭಿಯಾನ ಮಾಡಿದರು, ಬಿಡದೆ ಕೇಳಿದರು. 2022ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ಹುಬ್ಬಳ್ಳಿಯಿಂದ ನಾವು ಕಲಿಯುವುದಿದ್ದರೆ ಅವರ ಆ ಹಟವನ್ನು ಕಲಿಯೋಣ.

ಕೇಳಿಕೊಳ್ಳುವುದು ಇಷ್ಟು. ಮುಂದಿನ ಪಾಲಿಕೆ ಬಜೆಟ್ಟಿಗೆ ಮೊದಲು ನಗರದ ಖಾಲಿ ಮಳಿಗೆಗಳ ಮೊದಲ ಪಟ್ಟಿ ಹೊರಗೆ ಬರಲಿ. ಸಾರ್ವಜನಿಕ ಹಣದಲ್ಲಿ ಕಟ್ಟಿದ ಕಾಂಪ್ಲೆಕ್ಸುಗಳು ಆ ಪಟ್ಟಿಯಲ್ಲಿ ಮೊದಲು ಇರಲಿ. ಅವು ತುಂಬುವ ತನಕ ಅದೇ ಪ್ರದೇಶದಲ್ಲಿ ಇನ್ನೊಂದು ವಾಣಿಜ್ಯ ಸಂಕೀರ್ಣಕ್ಕೆ ಅನುದಾನ ಕೊಡಬೇಡಿ. ಬೀದರ್, ಯಾದಗಿರಿ, ರಾಯಚೂರಿನವರನ್ನೂ ಇದೇ ರೀತಿ ಎಣಿಸಲು ಕೇಳಿ. ಒಂದೇ ಅಳತೆಯಲ್ಲಿ ಎಣಿಸಿದ ಮೇಲೆ ಯಾರು ಮುಂದೆ, ಯಾರು ಹಿಂದೆ ಎಂದು ಧಾರಾಳವಾಗಿ ಹೋಲಿಸೋಣ.

ನಮ್ಮ ಕಾಂಪ್ಲೆಕ್ಸಿನ ಲೆಕ್ಕ ನಾನೇ ಬರೆದು ಕೊಡುತ್ತಿದ್ದೇನೆ. ನೆಲಮಹಡಿ ಪೂರ್ತಿ ತುಂಬಿದೆ. ಮೊದಲ ಮಹಡಿಯಲ್ಲಿ ಎಂಟರಲ್ಲಿ ಮೂರು ಖಾಲಿ. ಎರಡನೇ ಮಹಡಿಯಲ್ಲಿ ಎಂಟರಲ್ಲಿ ಆರು ಖಾಲಿ. ಲಿಫ್ಟ್ ಇಲ್ಲ, ಶೌಚಾಲಯ ಒಂದು, ಸೆಲ್ಲಾರಿನಲ್ಲಿ ಪಾರ್ಕಿಂಗ್ ಇಲ್ಲ. ಉಳಿದ ಕಟ್ಟಡಗಳ ಲೆಕ್ಕ ನಿಮ್ಮಿಂದ ಬರಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ
ಸೂಪರ್ ಮಾರ್ಕೆಟ್ ಪ್ರದೇಶ, ಕಲಬುರಗಿ